ತುಂಬಿದ ಖಜಾನೆ, ಬರಿದಾದ ಹಗೇವು

ಮೂರು ದಶಕಗಳಿಗೂ ಮಿಗಿಲಾಗಿ ಪ್ರೌಢಶಾಲೆಯಲ್ಲಿ ಇತಿಹಾಸ, ಪೌರನೀತಿ, ಅರ್ಥಶಾಸ್ತ್ರಗಳನ್ನು ಬೋಧಿಸಿದ ನನಗೆ, ಉತ್ತರಪತ್ರಿಕೆಗಳನ್ನು ತಿದ್ದಿದ ಲೆಕ್ಕವಿಲ್ಲ. ಅವುಗಳಲ್ಲಿ ಒಂದೇ ಒಂದು ಪತ್ರಿಕೆ ಇಂದಿಗೂ ನನ್ನನ್ನು ಕಾಡುತ್ತದೆ. 1987ರ ಬರಗಾಲದ ವರ್ಷ ಅದು. ಮಳೆ ಕೈಕೊಟ್ಟು ಮಲ್ಲಸಮುದ್ರದ ಸುತ್ತಲಿನ ಎರೆ ಹೊಲಗಳು ಬಾಯ್ಬಿಟ್ಟು ಮಲಗಿದ್ದವು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾನು ಎರಡು ಅಂಕಗಳ ಒಂದು ಪ್ರಶ್ನೆ ಕೇಳಿದ್ದೆ: ‘ಉಳಿತಾಯದ ಮುಂಗಡಪತ್ರ ಎಂದರೇನು? ಅದರ ಒಂದು ಅನುಕೂಲವನ್ನು ಬರೆಯಿರಿ.’

ನಾನು ಹೇಳಿ ಬರೆಯಿಸಿದ ಉತ್ತರವನ್ನೇ ಎಲ್ಲರೂ ಒಪ್ಪಿಸಿದ್ದರು. ಆದಾಯ ಹೆಚ್ಚು, ವೆಚ್ಚ ಕಡಿಮೆ; ಆದ್ದರಿಂದ ಸರ್ಕಾರ ಸುಭದ್ರ. ಒಕ್ಕಲುತನದ ಮನೆಯ ಒಬ್ಬ ಹುಡುಗ ಮಾತ್ರ ಬೇರೆ ಬರೆದಿದ್ದ. ಜನ ಉಪವಾಸ ಇರುವಾಗ ಸರ್ಕಾರದ ಹತ್ತಿರ ರೊಕ್ಕ ಉಳಿದರೆ ಅದರಲ್ಲಿ ಅನುಕೂಲವೇನೂ ಇಲ್ಲ, ಬೇಕಾದುದಕ್ಕಿಂತ ಹೆಚ್ಚು ಕಿತ್ತುಕೊಂಡಿದೆ ಎಂದು ತಿಳಿಯಬೇಕು, ಎಂಬುದು ಅವನ ಉತ್ತರದ ಸಾರಾಂಶ. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಕೊಟ್ಟೆ. ಅಷ್ಟಕ್ಕೇ ಬಿಡದೆ, ತರಗತಿಯಲ್ಲಿ ಆ ಉತ್ತರವನ್ನು ಗಟ್ಟಿಯಾಗಿ ಓದಿದೆ. ಹುಡುಗರು ನಕ್ಕರು. ಅವನು ತಲೆ ತಗ್ಗಿಸಿ ಕುಳಿತ.

ನಿವೃತ್ತನಾದ ಮೇಲೆ, ಪಾಠ ಮಾಡುವ ಒತ್ತಡವಿಲ್ಲದೆ, ಇತಿಹಾಸವನ್ನು ನನ್ನ ಸಂತೋಷಕ್ಕಾಗಿ ಓದತೊಡಗಿದೆ. ಹಾಗೆ ಓದುತ್ತಿರುವಾಗ ಗೋಪಾಲಕೃಷ್ಣ ಗೋಖಲೆಯವರು 1902ರ ಮಾರ್ಚ್ 26ರಂದು ಕಲ್ಕತ್ತೆಯಲ್ಲಿ, ವೈಸರಾಯಿಯ ಶಾಸನಸಭೆಯಲ್ಲಿ ಮಾಡಿದ ಮುಂಗಡಪತ್ರದ ಭಾಷಣ ಕೈಗೆ ಸಿಕ್ಕಿತು. ಮೊದಲ ಪುಟಕ್ಕೇ ನಾನು ತಡೆದು ನಿಂತೆ. ನಾನು ಸೊನ್ನೆ ಕೊಟ್ಟ ಉತ್ತರವೇ ಅಲ್ಲಿತ್ತು! ಭಾಷೆ ಇಂಗ್ಲಿಷು, ಅಂಕಿಸಂಖ್ಯೆಗಳ ಬೆಂಬಲ ಬೇರೆ. ಆದರೆ ಮಾತು ಅದೇ. ಅಂದಿನಿಂದ ಆ ಚರ್ಚೆಯ ಬೆನ್ನು ಹತ್ತಿದ್ದೇನೆ. ಸರ್ಕಾರವೊಂದು ತನ್ನ ಆರ್ಥಿಕ ಸಾಧನೆಯನ್ನು ಸಭೆಯಲ್ಲಿ ಸಮರ್ಥಿಸಿಕೊಳ್ಳುವ ಬಗೆ ಯಾವುದು, ಅದಕ್ಕೆ ಉತ್ತರ ಕೊಡುವ ಬಗೆ ಯಾವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಆ ಪಾಠದ ಕೊನೆಯ ಅಧ್ಯಾಯ ನಮ್ಮ ಗದಗ ತಾಲ್ಲೂಕಿನಲ್ಲೇ ಇದೆ ಎಂಬುದು ಇನ್ನೂ ವಿಶೇಷ.

ಮೊದಲು ಆ ಸಭೆಯ ಸ್ವರೂಪವನ್ನು ತಿಳಿಯಬೇಕು. 1892ರ ಕೌನ್ಸಿಲುಗಳ ಕಾಯಿದೆಯ ಪ್ರಕಾರ ಸದಸ್ಯರು ಮುಂಗಡಪತ್ರದ ಮೇಲೆ ಮಾತನಾಡಬಹುದಿತ್ತು, ಪ್ರಶ್ನೆಗಳನ್ನೂ ಕೇಳಬಹುದಿತ್ತು. ಆದರೆ ಮತಕ್ಕೆ ಹಾಕುವಂತಿರಲಿಲ್ಲ. ಒಂದು ಕಾಸನ್ನೂ ಕಡಿತಗೊಳಿಸುವ ಅಧಿಕಾರವಿರಲಿಲ್ಲ. ವರ್ಷಕ್ಕೊಮ್ಮೆ ಹಣಕಾಸು ಸದಸ್ಯರು ಲೆಕ್ಕ ಮಂಡಿಸುವರು. ಸದಸ್ಯರು ಒಬ್ಬೊಬ್ಬರಾಗಿ ಎದ್ದು ಅಭಿಪ್ರಾಯ ಹೇಳುವರು. ಕೊನೆಗೆ ವೈಸರಾಯಿ ಸಮಾಪನ ಭಾಷಣ ಮಾಡುವರು. ಅಲ್ಲಿಗೆ ಮುಗಿಯಿತು. ನಮ್ಮ ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮುಂಬಯಿ ಶಾಸನಸಭೆಯ ಸರ್ಕಾರೇತರ ಸದಸ್ಯರು ತಮ್ಮ ಪರವಾಗಿ ಒಬ್ಬರನ್ನು ಕಲ್ಕತ್ತೆಗೆ ಆರಿಸಿ ಕಳಿಸುತ್ತಿದ್ದರು. ಸರ್ ಫಿರೋಜಷಾ ಮೆಹತಾ ಅವರು ಆ ಸ್ಥಾನವನ್ನು ಬಿಟ್ಟುಕೊಟ್ಟಾಗ ಗೋಖಲೆ ಆಯ್ಕೆಯಾದರು. ಹೀಗೆ ನೋಡಿದರೆ, ಮತವೆಂಬುದನ್ನೇ ಕಂಡರಿಯದ ನಮ್ಮ ಅಜ್ಜಂದಿರ ಪರವಾಗಿ ಆ ಸಭೆಯಲ್ಲಿ ಕುಳಿತವರು ಅವರು. ಆಗ ಅವರ ವಯಸ್ಸು ಮೂವತ್ತಾರು ತುಂಬುವುದರಲ್ಲಿತ್ತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ, ಇತಿಹಾಸ, ಅರ್ಥಶಾಸ್ತ್ರಗಳನ್ನು ಕಲಿಸಿದ ಮೇಷ್ಟ್ರು.

ಇನ್ನು ಕಾಲದ ಪರಿಸ್ಥಿತಿ. 1896-97ರಲ್ಲಿ ಒಂದು ಕ್ಷಾಮ, 1899-1900ರಲ್ಲಿ ಇನ್ನೊಂದು ಮಹಾಕ್ಷಾಮ. ಎರಡರ ನಡುವೆ ಪ್ಲೇಗು. 1898ರಲ್ಲಿ ಹುಬ್ಬಳ್ಳಿಯನ್ನು ಅದು ಹಿಂಡಿಹಾಕಿತು. 1891ರ ಜನಗಣತಿಗೆ ಹೋಲಿಸಿದರೆ 1901ರ ಜನಗಣತಿಯಲ್ಲಿ ಮುಂಬಯಿ ಪ್ರಾಂತದ ಜನಸಂಖ್ಯೆಯೇ ಇಳಿದುಹೋಗಿತ್ತು. ಹತ್ತು ವರ್ಷಗಳಲ್ಲಿ ಜನ ಹೆಚ್ಚುವ ಬದಲು ಕಡಿಮೆಯಾದರು ಎಂದರೆ ಮನೆಮನೆಯ ಸ್ಥಿತಿ ಹೇಗಿದ್ದಿರಬೇಕೆಂದು ಓದುಗರೇ ಊಹಿಸಿಕೊಳ್ಳಬಹುದು. ನಮ್ಮ ಕಡೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುವ ರೂಢಿ. ಒಂದು ಬರವನ್ನು ಹಗೇವು ತಾಳಿಕೊಳ್ಳುತ್ತದೆ. ಎರಡನೆಯ ಬರ ಬಂದಾಗ ಅದು ಬರಿದಾಗಿರುತ್ತದೆ.

ಇಂಥ ಹೊತ್ತಿನಲ್ಲಿ ಹಣಕಾಸು ಸದಸ್ಯ ಸರ್ ಎಡ್ವರ್ಡ್ ಲಾ ಅವರು ಮಂಡಿಸಿದ ಲೆಕ್ಕದಲ್ಲಿ 1901-02ರ ಸಾಲಿಗೆ ಸುಮಾರು 7 ಕೋಟಿ ರೂಪಾಯಿಗಳ ಉಳಿತಾಯ ಕಂಡಿತು. ಅದುವರೆಗಿನ ಭಾರತದ ಹಣಕಾಸಿನ ಚರಿತ್ರೆಯಲ್ಲಿ ಅಷ್ಟು ದೊಡ್ಡ ಉಳಿತಾಯ ಇರಲಿಲ್ಲ. ಅದಕ್ಕೂ ಹಿಂದಿನ ಮೂರು ವರ್ಷಗಳಲ್ಲಿಯೂ ಉಳಿತಾಯವೇ. ಸಹಜವಾಗಿಯೇ ಸಭೆಯಲ್ಲಿ ಅಭಿನಂದನೆಗಳ ಸುರಿಮಳೆಯಾಯಿತು.

ಸರ್ಕಾರದ ಸಮರ್ಥನೆಯನ್ನು ನ್ಯಾಯವಾಗಿ ಮುಂದಿಡುವುದು ಇತಿಹಾಸ ಬರೆಯುವವನ ಧರ್ಮ. ಎದುರಾಳಿಯ ವಾದವನ್ನು ಬಲಹೀನಗೊಳಿಸಿ ಹೇಳಿ ಗೆಲ್ಲುವುದು ಗೆಲುವಲ್ಲವೆಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಲಾರ್ಡ್ ಕರ್ಜನ್ ಎಂದೊಡನೆ ನಮಗೆ 1905ರ ಬಂಗಾಳದ ವಿಭಜನೆ ನೆನಪಾಗುತ್ತದೆ. ಆದರೆ ಅವರು ಸೋಮಾರಿ ಆಡಳಿತಗಾರರಾಗಿರಲಿಲ್ಲ. ಅವರ ಸರ್ಕಾರದ ವಾದ ಸ್ಥೂಲವಾಗಿ ಹೀಗಿತ್ತು. ಮೊದಲನೆಯದಾಗಿ, ದೇಶದ ಜನ ಬಡವರಾಗುತ್ತಿಲ್ಲ. 1882ರಲ್ಲಿ ತಲಾ ವಾರ್ಷಿಕ ಆದಾಯ 27 ರೂಪಾಯಿ ಎಂದು ಅಧಿಕಾರಿಗಳು ಅಂದಾಜು ಮಾಡಿದ್ದರು. 1901ರ ಮಾರ್ಚಿನ ಮುಂಗಡಪತ್ರದ ಚರ್ಚೆಯಲ್ಲಿ ಕರ್ಜನ್ ಅದು 30 ರೂಪಾಯಿಗೆ ಏರಿದೆ ಎಂದು ಹೇಳಿದರು. ಎರಡನೆಯದಾಗಿ, ಕ್ಷಾಮಕ್ಕೆ ಕಾರಣ ಮಳೆಯ ಅಭಾವವೇ ಹೊರತು ಭೂಕಂದಾಯದ ಭಾರವಲ್ಲ. ರಮೇಶಚಂದ್ರ ದತ್ತರು ಬಹಿರಂಗ ಪತ್ರಗಳಲ್ಲಿ ಹೊರಿಸಿದ್ದ ಆರೋಪಕ್ಕೆ ಉತ್ತರವಾಗಿ 1902ರ ಜನವರಿ 16ರಂದು ಸರ್ಕಾರ ಒಂದು ದೀರ್ಘವಾದ ನಿರ್ಣಯವನ್ನೇ ಪ್ರಕಟಿಸಿತ್ತು. ಮೂರನೆಯದಾಗಿ, ಸುಮಾರು 25 ಸಾವಿರ ಮೈಲು ರೈಲುಹಾದಿ ಬಂದಿದೆ. 1900ರ ಕ್ಷಾಮದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿಗೆ ಏಕಕಾಲದಲ್ಲಿ ಪರಿಹಾರ ಕೊಡಲಾಗಿದೆ. ನೀರಾವರಿಯ ಪರಿಶೀಲನೆಗೆ ಆಯೋಗ ನೇಮಕವಾಗಿದೆ. ಬಾಕಿ ಉಳಿದ ಕಂದಾಯದಲ್ಲಿ ಸುಮಾರು 2 ಕೋಟಿ ರೂಪಾಯಿಯನ್ನು ಮನ್ನಾ ಮಾಡಲಾಗಿದೆ. ಇಷ್ಟೆಲ್ಲ ವೆಚ್ಚದ ಮೇಲೂ ಹಣ ಉಳಿದಿದೆ ಎಂದರೆ ದೇಶದ ಆರ್ಥಿಕ ಬುನಾದಿ ಗಟ್ಟಿಯಾಗಿದೆ ಎಂದಲ್ಲವೇ?

ಮೇಲುನೋಟಕ್ಕೆ ಈ ವಾದ ಬಲವಾಗಿಯೇ ಕಾಣುತ್ತದೆ. ಕ್ಷಾಮದ ಕಾಲದಲ್ಲಿ ಸಾಲದಲ್ಲಿ ಮುಳುಗಿದ ಸರ್ಕಾರ ಯಾರಿಗೆ ತಾನೇ ಸಹಾಯ ಮಾಡಬಲ್ಲದು? ನಾನು ತರಗತಿಯಲ್ಲಿ ಹೇಳಿಕೊಟ್ಟದ್ದೂ ಇದನ್ನೇ.

ಗೋಖಲೆ ಎದ್ದು ನಿಂತು, ಈ ಅಭಿನಂದನೆಯಲ್ಲಿ ತಾವು ಆತ್ಮಸಾಕ್ಷಿಯಾಗಿ ಪಾಲುಗೊಳ್ಳಲಾರೆ ಎಂದರು. ಜನರ ಸ್ಥಿತಿಗೂ ಖಜಾನೆಯ ಸ್ಥಿತಿಗೂ ಸಂಬಂಧವೇ ಕಡಿದುಹೋಗಿದೆ ಎಂಬುದಕ್ಕೆ ಈ ಉಳಿತಾಯವೇ ಸಾಕ್ಷಿ ಎಂಬುದು ಅವರ ವಾದದ ತಿರುಳು. ಜನ ನರಳುತ್ತಿರುವಾಗ ಇಂಥ ಉಳಿತಾಯ ಇರುವುದೇ ಒಂದು ಅನ್ಯಾಯ. ಅದನ್ನು ತೋರಿಸಿ ದೇಶ ಸುಭಿಕ್ಷವಾಗಿದೆ ಎಂಬ ಭ್ರಮೆ ಹುಟ್ಟಿಸುವುದು ಇನ್ನೊಂದು ಅನ್ಯಾಯ ಎಂದು ಅವರು ಎಣಿಸಿದರು. ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಭಾವುಕ ಭಾಷಣವಾಗುತ್ತಿತ್ತು. ಉಳಿತಾಯ ಎಲ್ಲಿಂದ ಬಂತು ಎಂಬ ಲೆಕ್ಕವನ್ನು ಅವರು ಬಿಡಿಸಿ ತೋರಿಸಿದರು.

ಆ ಲೆಕ್ಕವನ್ನು ನನ್ನ ಹಳೆಯ ಅಭ್ಯಾಸದಂತೆ ಕಪ್ಪುಹಲಗೆಯ ಮೇಲೆ ಬರೆದ ಹಾಗೆ ವಿವರಿಸುತ್ತೇನೆ, ಓದುಗರು ಬೇಸರಿಸಬಾರದು. ಭಾರತ ಸರ್ಕಾರ ಪ್ರತಿವರ್ಷ ಪಿಂಚಣಿ, ಬಡ್ಡಿ, ಸೈನ್ಯ ಮುಂತಾದವುಗಳ ಬಾಬ್ತು ಇಂಗ್ಲೆಂಡಿಗೆ ಸುಮಾರು 1 ಕೋಟಿ 70 ಲಕ್ಷ ಪೌಂಡ್ ಕಳಿಸಬೇಕಾಗಿತ್ತು. ತೆರಿಗೆ ಬರುವುದು ರೂಪಾಯಿಯಲ್ಲಿ, ಕೊಡಬೇಕಾದುದು ಪೌಂಡಿನಲ್ಲಿ. ಬೆಳ್ಳಿಯ ಬೆಲೆ ಕುಸಿದು 1894-95ರ ಹೊತ್ತಿಗೆ ರೂಪಾಯಿ ಸುಮಾರು 13 ಪೆನ್ಸಿಗೆ ಇಳಿದಿತ್ತು. ಒಂದು ಪೌಂಡಿಗೆ 240 ಪೆನ್ಸು. ಆದ್ದರಿಂದ ಒಂದು ಪೌಂಡ್ ಕೊಳ್ಳಲು ಸುಮಾರು ಹದಿನೆಂಟೂವರೆ ರೂಪಾಯಿ ಬೇಕಾಗುತ್ತಿತ್ತು. ಈ ನಷ್ಟವನ್ನು ತುಂಬಿಕೊಳ್ಳಲು ಸರ್ಕಾರ ತೆರಿಗೆಗಳನ್ನು ಏರಿಸುತ್ತ ಹೋಯಿತು. 1886ರಲ್ಲಿ ಆದಾಯ ತೆರಿಗೆ ಬಂತು. 1888ರಲ್ಲಿ ಉಪ್ಪಿನ ಮೇಲಿನ ತೆರಿಗೆ ಮಣಕ್ಕೆ 2 ರೂಪಾಯಿಯಿಂದ 2 ರೂಪಾಯಿ 8 ಆಣೆಗೆ ಏರಿತು. 1896ರಲ್ಲಿ ನಮ್ಮ ಗಿರಣಿಗಳ ಬಟ್ಟೆಯ ಮೇಲೆ ಶೇಕಡಾ ಮೂರೂವರೆ ಸುಂಕ ಬಿತ್ತು.

ಅಷ್ಟರಲ್ಲಿ, 1893ರಲ್ಲಿ ಟಂಕಸಾಲೆಗಳನ್ನು ಸಾರ್ವಜನಿಕರ ಬೆಳ್ಳಿಗೆ ಮುಚ್ಚಿದ್ದರ ಪರಿಣಾಮವಾಗಿ ರೂಪಾಯಿ ಮೆಲ್ಲನೆ ಮೇಲೆದ್ದಿತು. ಒಂದೆರಡು ವರ್ಷ ಇಳಿದು, ಆಮೇಲೆ ಏರಿ, 1898-99ರ ಹೊತ್ತಿಗೆ 16 ಪೆನ್ಸಿನಲ್ಲಿ ನಿಂತಿತು. ಈಗ ಪೌಂಡಿಗೆ 15 ರೂಪಾಯಿ ಸಾಕು. ಪ್ರತಿ ಪೌಂಡಿಗೆ ಮೂರೂವರೆ ರೂಪಾಯಿಯ ಹತ್ತಿರ ಉಳಿತಾಯ. 1 ಕೋಟಿ 70 ಲಕ್ಷ ಪೌಂಡಿಗೆ ಗುಣಿಸಿದರೆ 5ರಿಂದ 6 ಕೋಟಿ ರೂಪಾಯಿ! ಇದರ ಜೊತೆಗೆ, ಭಾರತದ ಸೈನ್ಯದ ಒಂದು ಭಾಗ ದಕ್ಷಿಣ ಆಫ್ರಿಕಕ್ಕೂ ಚೀನಕ್ಕೂ ಹೋಗಿದ್ದರಿಂದ ಆ ವೆಚ್ಚವೂ ಇಲ್ಲಿ ತಗ್ಗಿತ್ತು. ರೂಪಾಯಿ ಬಿದ್ದಾಗ ‘ನಷ್ಟವಾಗಿದೆ’ ಎಂದು ಹಾಕಿದ ತೆರಿಗೆಗಳನ್ನು, ರೂಪಾಯಿ ಎದ್ದು ನಿಂತ ಮೇಲೂ ಸರ್ಕಾರ ಇಳಿಸಲಿಲ್ಲ. ಉಳಿತಾಯದ ಗುಟ್ಟು ಇಷ್ಟೇ. ದೇಶ ಹೆಚ್ಚು ದುಡಿದದ್ದರಿಂದ ಬಂದ ಹಣ ಅದಾಗಿರಲಿಲ್ಲ.

ಒಕ್ಕಲಿಗನಿಗೆ ಇದರಿಂದ ಇನ್ನೊಂದು ಪೆಟ್ಟು. ಗದಗಿನ ಪೇಟೆಯಲ್ಲಿ ಹತ್ತಿಯ ಧಾರಣೆ ಆಗಲೇ ಹೊರದೇಶದ ಪೇಟೆಗೆ ಕಟ್ಟುಬಿದ್ದಿತ್ತು. 1880ರ ದಶಕದಲ್ಲಿ ಹೋಟಗಿಯಿಂದ ಗದಗಿಗೆ ರೈಲು ಬಂದ ಮೇಲಂತೂ ಅರಳೆ ನೇರವಾಗಿ ಬಂದರಿಗೆ ಹೋಗುತ್ತಿತ್ತು. ಹತ್ತಿಗೆ ವಿದೇಶದಲ್ಲಿ ಅಷ್ಟೇ ಪೆನ್ಸು ಬಂದರೂ, ರೂಪಾಯಿ ಏರಿದ್ದರಿಂದ ಇಲ್ಲಿ ಕೈಗೆ ಬರುವ ರೂಪಾಯಿ ಕಡಿಮೆ. ಕಂದಾಯವೋ ರೂಪಾಯಿಯಲ್ಲಿ ನಿಗದಿಯಾಗಿದ್ದು; ಅದು ಇಳಿಯುವುದಿಲ್ಲ. ಸಾವಕಾರನ ಕಡಪತ್ರವೂ ರೂಪಾಯಿಯಲ್ಲೇ. ಹೀಗೆ ಯಾವ ಏರಿಕೆಯಿಂದ ಖಜಾನೆ ತುಂಬಿತೋ ಅದೇ ಏರಿಕೆಯಿಂದ ಎರೆ ಹೊಲದವನ ಸಾಲ ಭಾರವಾಯಿತು.

ಉಪ್ಪಿನ ಲೆಕ್ಕವನ್ನೂ ನೋಡೋಣ. ಮಣವೆಂದರೆ ಸುಮಾರು 37 ಕಿಲೋ. ಎರಡೂವರೆ ರೂಪಾಯಿ ಎಂದರೆ 40 ಆಣೆ. ಕಿಲೋ ಉಪ್ಪಿನ ಮೇಲೆ ಒಂದು ಆಣೆಗಿಂತ ತುಸು ಹೆಚ್ಚು ತೆರಿಗೆ. ಐದು ಜನರ ಸಂಸಾರಕ್ಕೆ ವರ್ಷಕ್ಕೆ 25 ಕಿಲೋ ಎಂದು ಹಿಡಿದರೂ ಒಂದೂಮುಕ್ಕಾಲು ರೂಪಾಯಿಯ ಹತ್ತಿರ ಬರೀ ತೆರಿಗೆ. ದನಕರುಗಳ ಪಾಲು ಬೇರೆ. ಸರ್ಕಾರದ ಲೆಕ್ಕದಂತೆಯೇ ಒಬ್ಬನ ವರ್ಷದ ಆದಾಯ 30 ರೂಪಾಯಿ ಇದ್ದ ಕಾಲ ಅದು. ‘ಉಪ್ಪಿಗಿಂತ ರುಚಿಯಿಲ್ಲ’ ಎನ್ನುತ್ತದೆ ನಮ್ಮ ಗಾದೆ. ಜಮೀನ್ದಾರನೂ ಕೂಲಿಯವನೂ ತಿನ್ನುವ ಉಪ್ಪು ಹೆಚ್ಚುಕಡಿಮೆ ಒಂದೇ ಅಳತೆ. ಆದುದರಿಂದ ತೆರಿಗೆಯ ತೂಕ ಬೀಳುವುದು ಬಡವನ ಮೇಲೆ. ಉಪ್ಪಿನ ತೆರಿಗೆ ಹೆಚ್ಚಾದಂದಿನಿಂದ ಅದರ ಬಳಕೆ ಬೆಳೆಯದೆ ನಿಂತಿದೆ ಎಂಬುದನ್ನು ಗೋಖಲೆ ಸರ್ಕಾರದ ಅಂಕಿಗಳಿಂದಲೇ ತೋರಿಸಿದರು. ಜನ ಸುಖವಾಗಿದ್ದಾರೆಯೋ ಇಲ್ಲವೋ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕೇ?

ಇನ್ನು ಆ 30 ರೂಪಾಯಿಯ ಸರಾಸರಿ. ದಾದಾಭಾಯಿ ನವರೋಜಿಯವರು ಹಿಂದೆಯೇ ಸುಮಾರು 20 ರೂಪಾಯಿ ಎಂದು ಲೆಕ್ಕ ಹಾಕಿದ್ದರು. 1901ರಲ್ಲಿ ವಿಲಿಯಂ ಡಿಗ್ಬಿ ಎಂಬ ಆಂಗ್ಲರೇ 18 ರೂಪಾಯಿಯನ್ನೂ ಮುಟ್ಟುವುದಿಲ್ಲ ಎಂದು ವಾದಿಸಿದರು. ಒಂದೇ ದೇಶ, ಅದೇ ಜನ, ಬೇರೆಬೇರೆ ಉತ್ತರ. ಸರಿಯಾದ ಉತ್ತರ ಯಾವುದೆಂದು ನಿರ್ಣಯಿಸುವುದು ಇಂದಿಗೂ ಕಷ್ಟ. ಆದರೆ ಸರಾಸರಿ 30 ಎಂದೇ ಒಪ್ಪಿಕೊಂಡರೂ, ಹಗೇವು ಬರಿದಾದವನ ಮನೆಯಲ್ಲಿ ಆ ಮೂವತ್ತು ಇರಲಿಲ್ಲ ಎಂಬುದನ್ನು ನಿರ್ಣಯಿಸಲು ಅರ್ಥಶಾಸ್ತ್ರ ಬೇಕಿಲ್ಲ.

ಈ ಭಾಷಣದ ಹಿಂದೆ ಒಬ್ಬ ವ್ಯಕ್ತಿ ಇದ್ದರು. ಅವರ ಹೆಸರನ್ನು ಹೇಳದಿದ್ದರೆ ನನ್ನ ವೃತ್ತಿಗೆ ದ್ರೋಹವಾದೀತು. ಗಣೇಶ ವೆಂಕಟೇಶ ಜೋಶಿ ಎಂಬವರು ಮುಂಬಯಿ ಪ್ರಾಂತದ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು. ಸರ್ಕಾರದ ವರದಿಗಳನ್ನೂ ಅಂಕಿಸಂಖ್ಯೆಗಳನ್ನೂ ಅವರಷ್ಟು ಆಳವಾಗಿ ಓದಿದವರು ಆಗ ವಿರಳ. ನ್ಯಾಯಮೂರ್ತಿ ರಾನಡೆಯವರು 1901ರಲ್ಲಿ ತೀರಿಕೊಂಡ ಮೇಲೆ ಗೋಖಲೆಯವರಿಗೆ ಅಂಕಿಸಂಖ್ಯೆಗಳ ಆಸರೆಯಾಗಿ ನಿಂತವರು ಈ ಜೋಶಿಯವರೇ. ವೈಸರಾಯಿಯ ಎದುರು ಒಬ್ಬ ಮೇಷ್ಟ್ರು ಮಾತನಾಡಿದರೆ, ಅವರ ಹಿಂದೆ ಇನ್ನೊಬ್ಬ ಮೇಷ್ಟ್ರು ದೀಪ ಹಚ್ಚಿಕೊಂಡು ಲೆಕ್ಕ ಬರೆದುಕೊಟ್ಟರು. ಅದನ್ನು ಓದಿದಾಗ ನನಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ಒಂದೇ ಒಂದು ಪಠ್ಯಪುಸ್ತಕವನ್ನು ನಂಬಿ ನಾನು ಸೊನ್ನೆ ಹಾಕಿದ್ದೆನಲ್ಲ!

ಗೋಖಲೆ ಮೂರು ಬೇಡಿಕೆಗಳನ್ನಿಟ್ಟರು: ಉಪ್ಪಿನ ತೆರಿಗೆ ಇಳಿಸಬೇಕು, ಆದಾಯ ತೆರಿಗೆಯ ವಿನಾಯಿತಿ ಮಿತಿಯನ್ನು 500 ರೂಪಾಯಿಯಿಂದ 1000ಕ್ಕೆ ಏರಿಸಬೇಕು, ಬಟ್ಟೆಯ ಮೇಲಿನ ಸುಂಕ ತೆಗೆಯಬೇಕು. ಮತಕ್ಕೆ ಹಾಕಲು ಅವಕಾಶವಿಲ್ಲವಲ್ಲ. ಸಭೆ ಮುಗಿಯಿತು, ಮುಂಗಡಪತ್ರ ಇದ್ದಂತೆಯೇ ಜಾರಿಯಾಯಿತು. 1903ರ ಜನವರಿಯಲ್ಲಿ ದಿಲ್ಲಿಯಲ್ಲಿ ವೈಭವದ ದರ್ಬಾರು ನಡೆಯಿತು. ಆದರೆ ಅದೇ ವರ್ಷದ ಮುಂಗಡಪತ್ರದಲ್ಲಿ ಉಪ್ಪಿನ ತೆರಿಗೆ ಮಣಕ್ಕೆ 2 ರೂಪಾಯಿಗೆ ಇಳಿಯಿತು. ಆದಾಯ ತೆರಿಗೆಯ ಮಿತಿ 1000 ರೂಪಾಯಿಗೆ ಏರಿತು. 1905ರಲ್ಲಿ ಉಪ್ಪಿನ ತೆರಿಗೆ ಒಂದೂವರೆ ರೂಪಾಯಿಗೂ 1907ರಲ್ಲಿ ಒಂದು ರೂಪಾಯಿಗೂ ಇಳಿಯಿತು. ತೆರಿಗೆ ಇಳಿದೊಡನೆ ಉಪ್ಪಿನ ಬಳಕೆ ಏರಿತು. ಬಟ್ಟೆಯ ಸುಂಕ ಮಾತ್ರ ಲ್ಯಾಂಕಶೈರಿನ ಕೃಪೆಯಿಂದ 1925ರವರೆಗೂ ಅಲುಗಲಿಲ್ಲ. ಸರ್ಕಾರ ಸಭೆಯಲ್ಲಿ ಸೋಲೊಪ್ಪಿಕೊಳ್ಳಲಿಲ್ಲ. ಆದರೆ ಮರುವರ್ಷದ ಲೆಕ್ಕದಲ್ಲಿ ಒಪ್ಪಿಕೊಂಡಿತು.

ಇಲ್ಲಿ ಎಡ್ವರ್ಡ್ ಲಾ ಅವರಿಗೂ ಸಲ್ಲಬೇಕಾದುದನ್ನು ಸಲ್ಲಿಸಬೇಕು. ಒಕ್ಕಲಿಗರ ಸಾಲದ ಸಮಸ್ಯೆಗೆ ಸಹಕಾರಿ ಪತ್ತಿನ ಸಂಘಗಳು ಪರಿಹಾರವಾದಾವೇ ಎಂದು ಪರಿಶೀಲಿಸಲು 1901ರಲ್ಲಿ ನೇಮಕವಾದ ಸಮಿತಿಗೆ ಅಧ್ಯಕ್ಷರಾಗಿದ್ದವರು ಇದೇ ಲಾ ಅವರು. ಆ ವರದಿಯ ಆಧಾರದ ಮೇಲೆ ಮಸೂದೆ ಸಿದ್ಧವಾಗಿ, 1904ರ ಮಾರ್ಚ್ 25ರಂದು ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಗೋಖಲೆ ಅದನ್ನು ಸ್ವಾಗತಿಸಿದರು. ಆದರೆ ಹಳೆಯ ಸಾಲವನ್ನು ತೀರಿಸುವ ದಾರಿ ತೋರದೆ ಹೊಸ ಸಂಘ ಕಟ್ಟಿದರೆ ಸಾಲದು ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಹಳ್ಳಿಯ ಸಂಘಗಳಲ್ಲಿ ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ ಎಂಬುದು ಆ ಕಾಯಿದೆಯ ಮುಖ್ಯ ನಿಯಮ.

ಒಬ್ಬನ ಸಾಲಕ್ಕೆ ಊರೆಲ್ಲ ಹೊಣೆಯಾಗಲು ಯಾರು ಮುಂದೆ ಬಂದಾರು? ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಬಂದರು. 1905ರ ಮೇ 8ರಂದು ಅಲ್ಲಿ ಸ್ಥಾಪನೆಯಾದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾಯಿತು. ಆರಂಭದ ಬಂಡವಾಳ ಕೇವಲ 2000 ರೂಪಾಯಿ. ಕಲ್ಕತ್ತೆಯಲ್ಲಿ 7 ಕೋಟಿಯ ಬಗ್ಗೆ ನಡೆದ ವಾಗ್ವಾದ ಕಣಗಿನಹಾಳದಲ್ಲಿ ಬಂದು ಎರಡು ಸಾವಿರ ರೂಪಾಯಿಯಾಗಿ ನಿಂತಿತು ಎಂದು ನಾನು ಹೇಳಿದರೆ ಅತಿಶಯೋಕ್ತಿ ಎನ್ನಬೇಡಿ. ಆ ಕೋಟಿಗಳನ್ನು ನಮ್ಮ ಹಿರಿಯರು ಕಣ್ಣಿನಿಂದ ಕಾಣಲಿಲ್ಲ. ಈ ಸಾವಿರಗಳಿಂದ ಬಿತ್ತನೆಯ ಬೀಜ ಕೊಂಡರು.

ಹಾಗೆಂದು ಸಹಕಾರದಿಂದ ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. ಸ್ವಾತಂತ್ರ್ಯಾನಂತರ, 1951-52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3ರಷ್ಟು ಮಾತ್ರ; ಲೇವಾದೇವಿಗಾರರ ಪಾಲು ಶೇಕಡಾ 70ರ ಹತ್ತಿರ. ಅರ್ಧ ಶತಮಾನದ ಬಳಿಕವೂ ಇಷ್ಟೇ. ಹಳೆಯ ಸಾಲದ ಬಗ್ಗೆ ಗೋಖಲೆ ಕೊಟ್ಟ ಎಚ್ಚರಿಕೆ ಸುಳ್ಳಾಗಿರಲಿಲ್ಲ.

ಇಂದು ನಮ್ಮದೇ ಸರ್ಕಾರಗಳು, ನಮ್ಮದೇ ಶಾಸನಸಭೆಗಳು. ಬೇಡಿಕೆಗಳು ಮತಕ್ಕೆ ಬೀಳುತ್ತವೆ. ಸೋತ ಸರ್ಕಾರ ಇಳಿಯಬೇಕಾಗುತ್ತದೆ. ಆ ವ್ಯತ್ಯಾಸ ಸಣ್ಣದಲ್ಲ. ಆದರೂ ವರ್ಷವರ್ಷ ಮಾರ್ಚಿನಲ್ಲಿ ಮುಂಗಡಪತ್ರದ ಚರ್ಚೆಯನ್ನು ಕೇಳುವಾಗ, ಯಾವ ಪಕ್ಷದ ಸರ್ಕಾರವಿರಲಿ, ಸಮರ್ಥನೆಯ ಧಾಟಿ ಮಾತ್ರ ಹಳೆಯದೇ ಎನ್ನಿಸುತ್ತದೆ: ತಲಾ ಆದಾಯ ಇಷ್ಟು ಏರಿತು, ಕೊರತೆ ಇಷ್ಟು ಇಳಿಯಿತು. ಇವು ಬೇಡದ ಅಂಕಿಗಳೆಂದು ನಾನು ಹೇಳಲಾರೆ. 2002ರಲ್ಲಿ ಕರ್ನಾಟಕ ವಿತ್ತೀಯ ಹೊಣೆಗಾರಿಕೆಯ ಕಾಯಿದೆ ಮಾಡಿತು. ಸಾಲಕ್ಕೆ ಮಿತಿ ಇರಬೇಕೆಂಬುದು ಮನೆ ನಡೆಸುವ ಯಾರಿಗೂ ತಿಳಿದ ಮಾತು. ಆದರೆ ಅದೇ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ತನ್ನ ವರದಿ ಕೊಟ್ಟಿತು. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಅದು ತಾಲ್ಲೂಕುವಾರು ಎಣಿಸಿ ತೋರಿಸಿತು. ರಾಜ್ಯದ ಸರಾಸರಿಯ ಹೊದಿಕೆಯನ್ನು ಸರಿಸಿ ಒಳಗೆ ಯಾರಿದ್ದಾರೆ ಎಂದು ನೋಡಿದ ವರದಿ ಅದು. ಗೋಖಲೆ ಮಾಡಿದ್ದೂ ಇದನ್ನೇ.

ಸಮರ್ಥನೆ ಮಾಡುವವರಿಗೂ ವಿರೋಧಿಸುವವರಿಗೂ ಆ ಚರ್ಚೆಯಿಂದ ಕಲಿಯುವುದಿದೆ. ಸರ್ಕಾರ ತನ್ನ ಸಾಧನೆಯನ್ನು ಹೇಳಿಕೊಳ್ಳುವುದು ತಪ್ಪಲ್ಲ. ಹಣ ಎಲ್ಲಿಂದ ಬಂತು, ಯಾರ ಮೇಲೆ ಭಾರ ಬಿತ್ತು ಎಂಬುದನ್ನೂ ಹೇಳಬೇಕು. ವಿರೋಧಿಸುವವರು ಕೂಗಾಡಿದರೆ ಸಾಲದು. ಸರ್ಕಾರದ ಪುಸ್ತಕವನ್ನು ಸರ್ಕಾರಕ್ಕಿಂತ ಚೆನ್ನಾಗಿ ಓದಿಕೊಂಡು ಬರಬೇಕು. ಅಂಥ ಓದು ಸಾರ್ವಜನಿಕ ಜೀವನಕ್ಕೆ ಬೇಕೆಂದೇ ಡಿ.ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ ಕಟ್ಟಿದ ಸಂಸ್ಥೆಗೆ ಗೋಖಲೆಯವರ ಹೆಸರನ್ನಿಟ್ಟರು.

ಕಳೆದ ಮುಂಗಾರಿನಲ್ಲಿ ಕೆಲಸದ ಮೇಲೆ ಸೊಸೈಟಿಗೆ ಹೋಗಿದ್ದೆ. ಬೆಳೆಸಾಲದ ಕಾಗದಪತ್ರ ಹಿಡಿದು ಸರದಿಯಲ್ಲಿ ನಿಂತಿದ್ದವರಲ್ಲಿ ಒಬ್ಬರು ಹತ್ತಿರ ಬಂದು ನಮಸ್ಕರಿಸಿದರು. ಕೂದಲು ನರೆತಿತ್ತು, ಆದರೂ ಗುರುತು ಸಿಕ್ಕಿತು. ಆ ಹುಡುಗನೇ. ಹೊರಗೆ ಬೇವಿನ ಮರದ ಕೆಳಗೆ ಕುಳಿತು ಎಲ್ಲವನ್ನೂ ಹೇಳಿದೆ: ಆ ಪ್ರಶ್ನೆ, ನಾನು ಕೊಟ್ಟ ಸೊನ್ನೆ, ಗೋಖಲೆಯವರ ಭಾಷಣ. ‘ನಿನ್ನ ಉತ್ತರ ಸರಿ ಇತ್ತಪ್ಪ, ನಾನೇ ತಪ್ಪಿದೆ’ ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಬಿಡ್ರಿ ಸರ, ಎರಡ ಮಾರ್ಕಿನ ಮಾತು. ಆದ್ರ ಆವತ್ತ ನಕ್ಕಿದ್ರಲ್ಲ ಎಲ್ಲಾರೂ, ಅದಾದ ಮ್ಯಾಲ ನಾ ಕ್ಲಾಸಿನ್ಯಾಗ ಬಾಯಿ ಬಿಡಲಿಲ್ರಿ’ ಎಂದ. ಅಷ್ಟರಲ್ಲಿ ಒಳಗಿನಿಂದ ಅವನ ಹೆಸರು ಕರೆದರು. ಕಾಗದಗಳನ್ನು ಎತ್ತಿಕೊಂಡು ಹೋದ.

ಉಳಿತಾಯದ ಮುಂಗಡಪತ್ರದ ಅನುಕೂಲ ಯಾವುದೆಂದು ಇಂದು ನನ್ನನ್ನು ಯಾರಾದರೂ ಕೇಳಿದರೆ, ಮೊದಲು ಆ ವರ್ಷ ಮಳೆ ಆಗಿತ್ತೇ, ಹಗೇವಿನಲ್ಲಿ ಜೋಳ ಇತ್ತೇ ಎಂದು ಕೇಳುತ್ತೇನೆ. ತರಗತಿಯಲ್ಲಿ ಕುಳಿತ ಮಕ್ಕಳಿಗೆ ಅದನ್ನು ಹೇಳುವ ಅವಕಾಶ ನನಗಿನ್ನಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇನೆ.